ಈಶ್ವರಪ್ಪನವರ ಉಡಿದಾರ

ಎರಡು ಸಾವಿರದ ಆರರ ಚಳಿಗಾಲದಲ್ಲಿ ಕಿದ್ವಾಯಿ ನಗರದ ಈಶ್ವರಪ್ಪನವರು ಮೈದಾನದಲ್ಲಿ ಓಡಿದ ರಭಸಕ್ಕೆ ದೆಹಲಿಯ ಮಂಜೆಲ್ಲ ಕಿತ್ತುಕೊಂಡು ಗಾಜಿಯಾಬಾದ್ ದಾಟಿ ಹೋಯಿತು. ಅವತ್ತು ಪಾಲಂನಲ್ಲಿ ವಿಮಾನಗಳು ಹೇಳಿದ ಹೊತ್ತಿಗೆ ಇಳಿದವಲ್ಲ, ಅದಕ್ಕೆ ಅವರೇ ಕಾರಣ. ನಂಬದವರು ಅವರನ್ನೇ ಕೇಳಬಹುದಿತ್ತು. ಕೇಳದವರಿಗೂ ಅವರು ಹೇಳುತ್ತಿದ್ದರು.

ಅವರನ್ನು ಮೈದಾನಕ್ಕೆ ಎಳೆದದ್ದು ಕಾಲೊನಿಯ ಕನ್ನಡಿಗರ ಕಬಡ್ಡಿ ಕ್ಲಬ್ಬು. ಹಿಂದಿನ ವರ್ಷದ ಪಂದ್ಯದಲ್ಲಿ ಸೀಟಿ ಊದುತ್ತಿದ್ದ ಜಗನ್ನಾಥರು ಎದೆ ಹಿಡಿದುಕೊಂಡು ಗೆರೆಯ ಮೇಲೇ ಕೂತುಬಿಟ್ಟಿದ್ದರು. ಅವರು ಆಸ್ಪತ್ರೆಯಿಂದ ಬದುಕಿ ಬಂದ ಮೇಲೆ ಕಾರ್ಯದರ್ಶಿ ಚಂದ್ರಕಾಂತ ಹಟಕ್ಕೆ ಬಿದ್ದ: ನಲವತ್ತು ದಾಟಿದ ಗಂಡಸರೆಲ್ಲ ಬೆಳಗ್ಗೆ ಆರಕ್ಕೆ ಮೈದಾನದಲ್ಲಿರಬೇಕು. ಇಪ್ಪತ್ತೈದು ವರ್ಷ ಫೈಲುಗಳ ಮುಂದೆ ಕೂತು ಕುರ್ಚಿಯ ಆಕಾರಕ್ಕೇ ಬಂದಿದ್ದ ಗಂಡಸರು ಅವರು. ಅಳೆಯಲು ಟೇಪು ತಂದರೆ ಹೊಟ್ಟೆಯನ್ನು ಬೆನ್ನಿಗಂಟುವಷ್ಟು ಒಳಗೆಳೆದುಕೊಳ್ಳುತ್ತಿದ್ದರು. ಚಂದ್ರಕಾಂತ ಟೇಪು ಬಿಸಾಕಿ ಕಪ್ಪು ದಾರದ ಉಂಡೆ ತಂದ. ಉಡಿದಾರ ಇಲ್ಲದ ಗಂಡಸು ಆ ಗುಂಪಿನಲ್ಲಿ ಯಾರಿದ್ದರು? ಹಳೆಯದನ್ನು ಕತ್ತರಿಸಿ, ಹೊಸದನ್ನು ಹೊಕ್ಕುಳ ಮಟ್ಟಕ್ಕೆ ತಾನೇ ಕಟ್ಟಿ ಗಂಟು ಹಾಕಿದ. ಕಟ್ಟುವಾಗ ಉಸಿರು ಬಿಗಿಹಿಡಿದವನಿಗೆ ಮಧ್ಯಾಹ್ನದ ಊಟದ ಹೊತ್ತಿಗೆ ದಾರವೇ ಬುದ್ಧಿ ಕಲಿಸುತ್ತಿತ್ತು. ಪ್ರತಿ ಭಾನುವಾರ ಅದರೊಳಗೆ ಎಷ್ಟು ಬೆರಳು ತೂರುತ್ತವೆ ಎಂಬುದೇ ಪರೀಕ್ಷೆ.

ಬೇರೆಯವರದರಲ್ಲಿ ಒಂದು ಬೆರಳು ತೂರುವಷ್ಟರಲ್ಲಿ ಈಶ್ವರಪ್ಪನವರದರಲ್ಲಿ ನಾಲ್ಕು ತೂರಿದವು. ಆಮೇಲೆ ಮುಷ್ಟಿ. ಒಂಬತ್ತನೆಯ ಭಾನುವಾರ ಅವರು ಕೈ ಮೇಲೆತ್ತಿ ಮೈಮುರಿದದ್ದೇ ತಡ, ದಾರ ಪೈಜಾಮದೊಳಗಿಂದ ಜಾರಿ ಪಾದದ ಮೇಲೆ ಬಿತ್ತು. ಮೈದಾನದಲ್ಲಿದ್ದವರೆಲ್ಲ ಬೆರಗಾಗಿ ಸುತ್ತ ನೆರೆದರು. ಚಂದ್ರಕಾಂತ ಅದನ್ನು ಎರಡೂ ಕೈಯಲ್ಲಿ ಎತ್ತಿ, ಮಂಗಳಾರತಿ ತೋರಿಸುವ ಹಾಗೆ ಎಲ್ಲರಿಗೂ ತೋರಿಸಿದ. ಗಂಟು ಬಿಚ್ಚಿರಲಿಲ್ಲ. ಮುಂದಿನ ವಾರ ಲಕ್ಷ್ಮೀ ನಗರದಿಂದ ಬಸ್ಸು ಹಿಡಿದು ಜನ ಬಂದರು. ಮೂವತ್ತು ಇದ್ದದ್ದು ಅರವತ್ತಾಯಿತು, ಈಶ್ವರಪ್ಪನವರ ಬಾಯಲ್ಲಿ ಆರು ಸಾವಿರ. ಹಾಸಿಗೆಯಿಂದ ಇಳಿಯಲೂ ಹೆದರುತ್ತಿದ್ದ ಜಗನ್ನಾಥರು ಅವರನ್ನು ನೋಡಿಯೇ ಧೈರ್ಯ ತಂದುಕೊಂಡು ನಡೆಯತೊಡಗಿದ್ದರು.

ಈಶ್ವರಪ್ಪನವರು ನೀರು ಕುಡಿಯುವುದನ್ನೂ ಜನ ನಿಂತು ನೋಡುತ್ತಿದ್ದರು. ಮೈದಾನದ ನಲ್ಲಿಗೆ ಬಾಯಿ ಹಚ್ಚಿದರೆ ಸರೋಜಿನಿ ನಗರದ ತನಕ ನಲ್ಲಿಗಳು ಒಣಗುತ್ತವೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಓಡುಗಾರನ ದಾಹ ಅಂದರೆ ಇದು ಎಂದು ಜನ ತಲೆದೂಗುತ್ತಿದ್ದರು. ಮನೆಯಲ್ಲಿ ಹೆಂಡತಿ ಜಲಜಾ ಮಾತ್ರ, ಇದೇನು ಹೊಟ್ಟೆಯೋ ಬಾವಿಯೋ ಎಂದು ಗೊಣಗುತ್ತ ಮಲಗುವಾಗ ಎರಡು ಚೊಂಬು ತುಂಬಿಸಿಡುತ್ತಿದ್ದರು.

ಈಶ್ವರಪ್ಪನವರು ಯಾರಿಗೂ ಹೇಳದ ಸಂಗತಿ ಒಂದೇ ಒಂದಿತ್ತು. ಅವರು ಓಡುತ್ತಿರಲಿಲ್ಲ. ಮೊದಲ ತಿರುವಿನಲ್ಲಿ ಮಂಜಿನೊಳಗೆ ಮಾಯವಾಗಿ, ಹಾಲಿನ ಬೂತಿನ ಹಿಂದೆ ಕೂತು, ಚಹಾ ಮಾರುವ ಭಯ್ಯಾನ ಕೈಯಿಂದ ಮೂರು ಚಮಚ ಸಕ್ಕರೆಯ ಚಹಾ ಕುಡಿದು, ಕೊನೆಯ ಸುತ್ತಿಗೆ ಮುಖಕ್ಕೆ ನೀರೆರಚಿಕೊಂಡು ಎಲ್ಲರಿಗಿಂತ ಮುಂದೆ ಬಂದು ನಿಲ್ಲುತ್ತಿದ್ದರು. ದಾರ ಜಾರಿದ ದಿನ ಎಲ್ಲರಿಗಿಂತ ಹೆಚ್ಚು ಬೆರಗಾದವರು ಅವರೇ. ಓಡದ ದೇಹ ಕರಗುತ್ತಿರುವುದೇಕೆ? ಈ ಪ್ರಶ್ನೆ ಎದ್ದಾಗಲೆಲ್ಲ ಅವರು ಇನ್ನೊಂದು ಸುಳ್ಳು ಹೇಳಿ ಅದರ ಮೇಲೆ ಕೂತುಬಿಡುತ್ತಿದ್ದರು.

ಹನ್ನೊಂದನೆಯ ಭಾನುವಾರ ಕ್ಲಬ್ಬಿನಲ್ಲಿ ಅವರಿಗೆ ಸನ್ಮಾನ. ಶಾಲು ಸಿದ್ಧವಿತ್ತು. ಅದಕ್ಕೂ ಮೊದಲು ಎಲ್ಲರ ತಪಾಸಣೆ ಮಾಡಲು ಬಂದವಳು ಜಗನ್ನಾಥರ ಮಗಳು, ಡಾಕ್ಟರ್ ಪ್ರಕೃತಿ. ಈಶ್ವರಪ್ಪನವರು ಬೂಟು ಕಳಚಿ ತೂಕದ ಯಂತ್ರ ಹತ್ತಿದರು. ಅವಳು ಮುಳ್ಳನ್ನೂ ಮೊದಲ ದಿನ ತೂಕ ಬರೆದಿಟ್ಟಿದ್ದ ಚೀಟಿಯನ್ನೂ ಎರಡು ಸಲ ನೋಡಿದಳು.

"ಅಂಕಲ್, ಹದಿನಾಲ್ಕು ಕಿಲೋ ಇಳಿದಿದೀರ. ಓಡಿ ಇಳಿದಿದ್ರೆ ಅಚ್ಛಾ ಹೈ. ಓಡದೆ ಇಳಿದಿದ್ರೆ ನಾನು ಈಗಲೇ ಬ್ಲಡ್ ತಗೊಂಡು ಶುಗರ್ ನೋಡಬೇಕು. ಓಡಿದೀರಲ್ವಾ?"

ಇಷ್ಟು ಸುಲಭದ ಪ್ರಶ್ನೆಯನ್ನು ಈಶ್ವರಪ್ಪನವರಿಗೆ ಯಾರೂ ಕೇಳಿರಲಿಲ್ಲ. ದಿನಕ್ಕೆ ನಲವತ್ತು ಸುತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹಿಂದೆ ಸಾಲಿನಲ್ಲಿ ಅರವತ್ತು ಜನ ಅದನ್ನೇ ಕಾಯುತ್ತಿದ್ದರು.

ಅಷ್ಟರಲ್ಲಿ ಬೆಂಚಿನ ಮೇಲೆ ಕೂತಿದ್ದ ಜಗನ್ನಾಥರು ದಾರಿಗೆ ಅಡ್ಡವಾಗಿದ್ದ ಈಶ್ವರಪ್ಪನವರ ಬೂಟನ್ನು ಸರಿಸಲು ಕೈಗೆತ್ತಿಕೊಂಡರು. ಕ್ಲಬ್ಬು ಕರೋಲ್ ಬಾಗಿನಿಂದ ಎಲ್ಲರಿಗೂ ಒಂದೇ ದಿನ ತಂದುಕೊಟ್ಟ ಬೂಟು. ಬರೀ ನಡೆದೇ ಜಗನ್ನಾಥರದರ ತಳ ಹಪ್ಪಳವಾಗಿತ್ತು. ಇದರ ತಳದ ಗೆರೆಗಳು ಇನ್ನೂ ಚೂಪಾಗಿದ್ದವು. ಹಿಮ್ಮಡಿಯ ಬಳಿ ಅಂಗಡಿಯ ಹಸಿರು ಚೀಟಿ ಅಂಟಿಕೊಂಡೇ ಇತ್ತು. ಅವರು ಬೂಟನ್ನು ಯಾರಿಗೂ ತೋರಿಸಲಿಲ್ಲ. ತಂದು ಈಶ್ವರಪ್ಪನವರ ಕಾಲ ಬಳಿ ತಳ ಮೇಲಾಗಿ ಇಟ್ಟರು.

"ನಾನು ನಿಮ್ಮನ್ನ ನೋಡಿ ಬದುಕಿದೆ, ಈಶ್ವರಪ್ಪನವ್ರೆ," ಎಂದರು ಮೆಲ್ಲಗೆ. "ಎಷ್ಟು ಸುತ್ತು ಅಂತ ಮಗೂಗೆ ಸರಿಯಾಗಿ ಹೇಳಿ."

ಈಶ್ವರಪ್ಪನವರು ಹಸಿರು ಚೀಟಿಯನ್ನು ನೋಡಿದರು. ಸಾಲಿನ ಕಡೆ ನೋಡಿದರು. ಗಂಟಲು ಆಗಲೇ ಒಣಗಿತ್ತು, ಅದು ನಾಚಿಕೆಗೋ ರೋಗಕ್ಕೋ ಅವರಿಗೇ ತಿಳಿಯಲಿಲ್ಲ.

"ಒಂದೂ ಇಲ್ಲ," ಎಂದರು.

ಅವರ ಬಾಯಿಂದ ಒಂದು ಲೆಕ್ಕ ಇದ್ದಷ್ಟೇ ಹೊರಬಂದದ್ದನ್ನು ಕಾಲೊನಿ ಕೇಳಿದ್ದು ಅದೇ ಮೊದಲು. ದಾರ ಜಾರಿದ ದಿನದಂತೆಯೇ ಎಲ್ಲರೂ ಬೆರಗಾಗಿ ನಿಂತರು. ಪ್ರಕೃತಿ ಅವರ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿ, ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. ಸೂಜಿಯ ಕಡೆ ನೋಡಲಾರದೆ ಅವರು ಮುಖ ತಿರುಗಿಸಿದಾಗ, ಪಕ್ಕದಲ್ಲಿ ಜಗನ್ನಾಥರು ಕೂತಿದ್ದರು.

"ಹಾಗಾದ್ರೆ ಆ ಮಂಜು?" ಎಂದು ಕೇಳಿದರು ಜಗನ್ನಾಥರು. "ಗಾಜಿಯಾಬಾದಿಗೆ ಓಡಿಸಿದ್ದು?"

"ಅದು ಎಲ್ಲಿಗೂ ಹೋಗಿರಲಿಲ್ಲ, ಜಗನ್ನಾಥ್," ಎಂದರು ಈಶ್ವರಪ್ಪನವರು. "ಅದರ ಹಿಂದೇನೇ ನಾನು ಕೂತಿದ್ದೆ."