ಮಣೆಯ ಮೇಲಿನ ಮಣ್ಣು

ಹಲಸೂರು ಕೆರೆಯ ದಡದಲ್ಲಿ ನಮ್ಮ ಕಾಲೋನಿಯ ಕೆಲವು ಹೆಂಗಸರು ಭಾನುವಾರ ಭಾನುವಾರ ಕಸ ಬಳಿಯುತ್ತಿದ್ದೆವು. ಬಳಿದ ಜಾಗಕ್ಕೇ ಜನ ಮತ್ತೆ ತಂದು ಸುರಿಯುತ್ತಿದ್ದರು. ಹೇಳಿ ಹೇಳಿ ನನಗೆ ಸಾಕಾಗಿತ್ತು.

ಎಪ್ಪತ್ತೆರಡನೇ ಇಸವಿಯ ಗಣೇಶನ ಹಬ್ಬದ ಸಂಜೆ ನಾನು ಹೇಳುವುದನ್ನೇ ಬಿಟ್ಟೆ. ಗಣಪತಿಯನ್ನು ನೀರಿಗೆ ಬಿಟ್ಟವರು ಅವನನ್ನು ಕೂರಿಸಿ ತಂದ ಮಣೆಯನ್ನು ಬರಿದಾಗಿ ಹಿಡಿದು ಮನೆಗೆ ಹೋಗುವಂತಿಲ್ಲ. ಕೆರೆಯ ಒಂದು ಹಿಡಿ ಮಣ್ಣನ್ನು ಅದರ ಮೇಲಿಟ್ಟು ಒಯ್ಯಬೇಕು. ಈಚೆಗೆ ಬುದ್ಧಿವಂತರು ರಸ್ತೆ ಬದಿಯ ಒಣ ಮಣ್ಣಿನಲ್ಲೇ ಶಾಸ್ತ್ರ ಮುಗಿಸುತ್ತಿದ್ದರು. ಆ ಸಂಜೆ ನಾನು ಮೊಣಕಾಲುದ್ದ ನೀರಿಗಿಳಿದು, ತಳದ ಮಣ್ಣನ್ನು ಬಾಚಿ ಬಾಚಿ ಬಂದವರ ಮಣೆಗಳ ಮೇಲೆಲ್ಲ ಇಟ್ಟೆ. ಅದು ಕರ್ರಗೆ, ಜಿಡ್ಡುಜಿಡ್ಡಾಗಿ, ಸತ್ತ ಮೀನಿನಂತೆ ನಾರುತ್ತಿತ್ತು.

"ಇದನ್ನ ದೇವರ ಮನೇಲಿ ಇಡೋಕಾಗತ್ತೇನ್ರೀ?" ಎಂದು ಒಬ್ಬರು ರೇಗಿದರು. ಎಲ್ಲರೂ ಅದನ್ನು ಕೆರೆಯ ಮೆಟ್ಟಿಲ ಮೇಲೆಯೇ ಸುರಿದು ಹೋದರು.

ಕೊನೆಗೆ ನನ್ನ ಅತ್ತೆ ಸುಬ್ಬಲಕ್ಷ್ಮಮ್ಮ ಬಂದು ಮಣೆ ಚಾಚಿದರು. ಸೊಸೆ ಕೆರೆಯ ಕಸ ಬಳಿಯುತ್ತಾಳೆಂದು ಅವರಿಗೆ ಅವಮಾನ. ಬೇಕೆಂದೇ ಎರಡು ಹಿಡಿ ಇಟ್ಟೆ. ಅವರು ಮೂಗಿಗೆ ಸೆರಗು ಹಿಡಿಯಲಿಲ್ಲ. ಮನೆಯವರೆಗೂ ಹೊತ್ತು ತಂದು ದೇವರ ಮುಂದಿಟ್ಟು ದೀಪ ಹಚ್ಚಿದರು. ನಾತ ಇಡೀ ಮನೆ ತುಂಬಿತು.

ನನಗೇ ತಡೆಯಲಾಗಲಿಲ್ಲ. "ಹೊರಗಿಟ್ಟು ಬರ್ಲಾ ಅಮ್ಮಾ?" ಎಂದೆ.

"ಬೇಡ ಕಣೇ," ಎಂದರು ಅತ್ತೆ. "ಗಣಪತೀನ ಅದರಲ್ಲೇ ಮಲಗಿಸಿ ಬಂದಿದೀವಲ್ಲ. ನಾವೂ ಇವತ್ತು ಅದರ ಜೊತೇಲೇ ಮಲಗೋಣ."