ಪೇಡೆ ಹಂಚಿದ ಸಾವು

ನಾನು ಒಂದು ಸುರುಳಿ ಗ್ಯಾಲಕ್ಸಿ. ದಕ್ಷಿಣವನ್ನು ಯಮನ ದಿಕ್ಕು ಎನ್ನುತ್ತಾರೆ. ನನ್ನ ವಾಸ ಆ ಕಡೆಗೇ, ಬರಿಗಣ್ಣಿಗೆ ಕಾಣದಷ್ಟು ದೂರ. ಹುಟ್ಟಿದಾಗ ನಾನು ಬರೀ ತಣ್ಣನೆಯ ಅನಿಲ, ಧೂಳು. ತಿರುಗುತ್ತ ತಿರುಗುತ್ತ ತೋಳುಗಳು ಮೂಡಿದವು, ತೋಳುಗಳ ತುಂಬ ನಕ್ಷತ್ರಗಳು ಹುಟ್ಟಿದವು. ಹೆತ್ತವಳು ಎಣಿಸುವುದಿಲ್ಲ. ಒಂದು ಕಡಿಮೆಯಾದರೆ ಮಾತ್ರ ತಿಳಿಯುತ್ತದೆ.

ಹಾಗೆ ಒಂದು ಕಡಿಮೆಯಾಯಿತು. ತೋಳಿನ ತುದಿಯಲ್ಲಿದ್ದ ದೊಡ್ಡ ನಕ್ಷತ್ರ ಸಿಡಿದು ಸತ್ತಿತು. ಅದರ ನೆರೆಯ ಪುಟ್ಟ ಲೋಕವೊಂದರಲ್ಲಿ ಆಗಷ್ಟೇ ಹಸಿರು ಚಿಗುರಿತ್ತು, ಅದೂ ಸುಟ್ಟುಹೋಯಿತು. ಆ ಸಾವಿನ ಬೆಳಕು ಹೊರಟಿತು, ಅದರ ಜೊತೆ ನನ್ನ ಕಣ್ಣೂ ಹೊರಟಿತು. ಎಲ್ಲಾದರೂ ಒಬ್ಬರು ಅದಕ್ಕಾಗಿ ಮರುಗಿದರೆ ಸಾಕು ಎಂಬುದೊಂದೇ ನನ್ನ ಆಸೆ.

ಆರು ಕೋಟಿ ವರ್ಷ ನಡೆದು ಅದು ಮುಟ್ಟಿದ್ದು ಧಾರವಾಡದ ಒಂದು ತಾರಸಿಯನ್ನು. ದುರ್ಬೀನಿನ ಹುಚ್ಚಿದ್ದ ಬ್ಯಾಂಕ್ ಅಧಿಕಾರಿ ವಾಮನರಾವ್ ತಾನು ತೆಗೆದ ನನ್ನ ಚಿತ್ರದಲ್ಲಿ ಹೊಸ ಚುಕ್ಕೆ ಕಂಡ. ನನಗಿಂತ ಬಹಳ ಕಿರಿಯ, ಏಕವಚನ ಸಾಕು. ಹೊರದೇಶದ ಪಂಡಿತರು ಹೌದೆಂದು ಒಪ್ಪಿದ ದಿನ ಅವನ ಮನೆ ತುಂಬ ಜನ, ಹಾರ, ಕ್ಯಾಮರಾ. ಎಲ್ಲರ ಕೈಗೂ ಪೇಡೆ. ನನ್ನ ಮನೆಯ ಸಾವು ಅವರಿಗೆ ಹಬ್ಬವಾಯಿತು.

ಅವನ ತಾಯಿ ಕೃಷ್ಣಾಬಾಯಿ ಪೇಡೆ ಹಿಡಿದುಕೊಂಡೇ ಕೇಳಿದಳು: “ಏನ್ ಕಂಡಿಯೋ ಅಂಥಾದ್ದು?”

“ಒಂದು ನಕ್ಷತ್ರ ಸತ್ತದ್ದು, ಅವ್ವಾ. ಸತ್ತು ಆರು ಕೋಟಿ ವರ್ಷ ಆತು. ಸುದ್ದಿ ಈಗ ಬಂತು.”

ಮುದುಕಿ ಪೇಡೆಯನ್ನು ತಟ್ಟೆಗೆ ಹಾಕಿದಳು. “ನಿಮ್ಮ ಕಾಕಾ ಕಾಶಿಯೊಳಗ ತೀರಿಕೊಂಡದ್ದು ನಮಗ ಗೊತ್ತಾದದ್ದು ವರ್ಷದ ಮ್ಯಾಲೆ. ಆದ್ರೂ ಸೂತಕ ಅಂತ ತಲಿಮ್ಯಾಲೆ ನೀರ್ ಹಾಕ್ಕೊಂಡ್ವಿ.”

“ಇದೇನ್ ನಮ್ಮ ದಾಯಾದಿ ಏನು? ಮಂದಿ ಕೂತಾರ, ಸುಮ್ಮ ಕೂಡು.”

“ಪೇಡೆ ಹಂಚೂವಷ್ಟು ನಮ್ಮದಾದ್ರ, ನೀರ್ ಹಾಕ್ಕೊಳ್ಳಿಕ್ಕೂ ನಮ್ಮದ.”

ಬಚ್ಚಲಿಗೆ ಹೋಗಿ ಒಂದು ತಂಬಿಗೆ ತಣ್ಣೀರು ತಲೆಯ ಮೇಲೆ ಸುರಿದುಕೊಂಡಳು. ಒದ್ದೆ ಸೀರೆಯಲ್ಲಿ ಹೊರಬಂದಾಗ ಬಂದವರು ನಕ್ಕರು. ಅರಳು ಮರಳು ಎಂದರು. ಫೋಟೋ ತೆಗೆಯುವಾಗ ವಾಮನ ಅವಳನ್ನು ಒಳಗೆ ಕಳಿಸಿದ.

ನಾನೀಗ ಮುದುಕಿ. ಹೊಸ ನಕ್ಷತ್ರ ಹುಟ್ಟುವುದು ಅಪರೂಪ. ನನ್ನ ಚಿತ್ರ ಕಟ್ಟು ಹಾಕಿಸಿಕೊಂಡು ವಾಮನನ ಗೋಡೆಯ ಮೇಲಿದೆ, ಬಂದವರಿಗೆ ತೋರಿಸಲು. ಈಚೆಗೆ ಅದರ ಪಕ್ಕದಲ್ಲಿ ಗಂಧದ ಹಾರ ಹಾಕಿದ ಇನ್ನೊಂದು ಚಿತ್ರ ಬಂದಿದೆ, ಕೃಷ್ಣಾಬಾಯಿಯದು. ನನ್ನ ಮನೆಯ ಸಾವಿಗೆ ನೀರು ಹಾಕಿಕೊಂಡವಳು, ಲೆಕ್ಕಕ್ಕೆ ಅವಳ ಸಾವಿಗೆ ನನಗೂ ಸ್ನಾನ ಬರುತ್ತದೆ. ಮೈತುಂಬ ಬೆಂಕಿಯಿದೆ, ಸುರಿದುಕೊಳ್ಳಲು ಒಂದು ತಂಬಿಗೆ ನೀರಿಲ್ಲ.