ಗುಂಡಿಗಿಳಿದ ಹೆಂಗಸರು

ಸಸಿ ನೆಡುವುದಕ್ಕೆಂದು ಮರ ಕಡಿದಿದ್ದರು. ಮಂತ್ರಿಗಳು ನೆಡಬೇಕೆಂದರೆ ಜಾಗ ಬೇಕಲ್ಲ.

ಗುದ್ದಲಿಯಕ್ಕ ಬೆಳಗಿನಿಂದ ಗುಂಡಿ ತೋಡುತ್ತಿದ್ದಳು. ಕಡಿದ ಮರಗಳ ಬೇರು ಗುದ್ದಲಿಗೆ ಅಡ್ಡ ಬರುತ್ತಿತ್ತು. ಅಂಗೈಯ ಬೊಬ್ಬೆ ಒಡೆದಿತ್ತು. ಪಕ್ಕದಲ್ಲಿ ಸೊಸೆ, ಅವಳಾಚೆ ಊರಿನ ಹೆಂಗಸರು. 'ಕಾಡು ಉಳಿಸಿ' ಎಂಬ ಬ್ಯಾನರು ಕಟ್ಟಲು ಒಂದು ಮರವೂ ಉಳಿದಿರದೆ ಲಾರಿಯಲ್ಲಿ ಕಬ್ಬಿಣದ ಕಂಬ ತರಿಸಿದ್ದರು.

"ಅತ್ತೆ, ನೆರಳಿಲ್ದೆ ತಲೆ ಸುತ್ತುತ್ತೆ," ಎಂದಳು ಸೊಸೆ.

"ಇವತ್ತು ಸಸಿ ನೆಡ್ತಾರಲ್ಲ. ನಿನ್ನ ಮೊಮ್ಮಕ್ಕಳು ನೆರಳಲ್ಲಿ ಕೂತ್ಕೋತಾರೆ. ಅಲ್ಲೀವರೆಗೂ ಸೆರಗು ಹೊದ್ಕೋ."

ಕಾಡಿದ್ದ ಕಡೆ ಹೋಟೆಲು ಬರುತ್ತದೆ, ಕೆಳಗಿನ ಹೊಲಗಳ ತಂಟೆಗೆ ಯಾರೂ ಬರುವುದಿಲ್ಲ ಎಂದು ಗುತ್ತಿಗೆದಾರ ಮಾತು ಕೊಟ್ಟಿದ್ದ. ಅದನ್ನು ನಂಬಿಯೇ ಊರು ಬಾಯಿ ಮುಚ್ಚಿಕೊಂಡಿತ್ತು. ಗುದ್ದಲಿಯಕ್ಕನೂ.

ಮಂತ್ರಿಗಳು ಬಂದರು. ಕಾಡೇ ನಮ್ಮ ಉಸಿರು ಎಂದರು, ಧೂಳಿಗೆ ಕೆಮ್ಮಿದರು, ನೀರು ಕುಡಿದರು. ಆಮೇಲೆ ಮೇಜಿನ ಮೇಲಿದ್ದ ಮಾದರಿಯ ಹೊದಿಕೆ ಸರಿಸಿದರು. ಬೆಂಕಿಪೊಟ್ಟಣದಷ್ಟು ಹೋಟೆಲು, ಬೆರಳುದ್ದದ ಬೊಂಬೆಗಳು, ಪ್ಲಾಸ್ಟಿಕ್ಕಿನ ಮರಗಳು. ಚಪ್ಪಾಳೆಗೆಂದು ಹೆಂಗಸರನ್ನೂ ಹತ್ತಿರ ಕರೆದಿದ್ದರು. ಗುದ್ದಲಿಯಕ್ಕ ಅದರಲ್ಲಿ ಮೊದಲು ಊರಿನ ತೊರೆ ಹುಡುಕಿದಳು. ದಡ ಹಿಡಿದು ಕಣ್ಣಲ್ಲೇ ನಡೆದು ತನ್ನ ಹೊಲಕ್ಕೆ ಬಂದಳು. ಅಲ್ಲಿ ನೀಲಿ ಬಣ್ಣ ಬಳಿದಿತ್ತು.

"ಇದೇನಣ್ಣ, ಇದು ನಮ್ಮ ಹೊಲ ಅಲ್ವಾ?"

ಗುತ್ತಿಗೆದಾರ ದನಿ ತಗ್ಗಿಸಿದ. "ಈಜುಕೊಳ ಕಣಕ್ಕ. ಆಮೇಲೆ ಮಾತಾಡೋಣ. ಈಗ ನಗ್ತಾ ನಿಂತ್ಕೋ, ಫೋಟೊ ತೆಗೀತಾರೆ."

"ಇದ್ರಲ್ಲಿ ನಮ್ಮನ್ನ ಎಲ್ಲಿ ಇಟ್ಟಿದೀರಿ?"

"ನಿಮ್ಮನ್ನ ಯಾಕಿಡ್ತಾರೆ?"

ಅವಳು ಸೀರೆ ಎತ್ತಿಕಟ್ಟಿ, ಮಂತ್ರಿಗಳಿಗೆಂದು ಸುಣ್ಣದ ಗೆರೆ ಎಳೆದಿದ್ದ ಗುಂಡಿಗೆ ಇಳಿದು ಕುಳಿತಳು. ಸೊಸೆ ಅತ್ತೆಯ ಮುಖ ನೋಡಿದಳು, ಪಕ್ಕದ ಗುಂಡಿಗೆ ಇಳಿದಳು. ಒಬ್ಬೊಬ್ಬರಾಗಿ ಉಳಿದವರೂ ಇಳಿದರು.

ಸಸಿ ಹಿಡಿದು ಬಂದ ಮಂತ್ರಿಗಳಿಗೆ ಗುಂಡಿಯಲ್ಲೊಂದು ತಲೆ ಕಂಡಿತು.

"ಏನಮ್ಮ ಇದು?"

"ನೆಡೋಕೆ ಬಂದಿದೀರಲ್ಲ ಸ್ವಾಮಿ, ನಮ್ಮನ್ನೇ ನೆಡಿ. ನಮ್ಮ ಬೇರು ಆಗ್ಲೇ ಕಿತ್ತಾಗಿದೆ."

ಪೊಲೀಸರು ಬಂದರು. ಹೆಂಗಸರು ಕೆಲಸದಲ್ಲಿ ಮೋಸ ಮಾಡಿರಲಿಲ್ಲ, ಗುಂಡಿಗಳು ಚೆನ್ನಾಗಿ ಆಳವಾಗಿದ್ದವು. ಒಬ್ಬಳನ್ನು ಎತ್ತಿ ಹೊರಗೆ ಹಾಕಿ ಇನ್ನೊಬ್ಬಳತ್ತ ತಿರುಗುವಷ್ಟರಲ್ಲಿ ಮೊದಲನೆಯವಳು ಮತ್ತೆ ಒಳಗೆ. ಮಂತ್ರಿಗಳು ಸಸಿಯನ್ನು ಯಾರದೋ ಕೈಗೆ ತುರುಕಿ ಕಾರು ಹತ್ತಿದರು.

"ಮಿಷನ್ ಮುಂದಕ್ಕೆ ತಗೊಳ್ಳೋ, ಹೆದರಿ ಏಳ್ತಾರೆ," ಎಂದು ಗುತ್ತಿಗೆದಾರ ಕೂಗಿದ.

ಬುಲ್ಡೋಜರ್ ಗುಡುಗುತ್ತ ಬಂದು ಗುಂಡಿಯಂಚಿನಲ್ಲಿ ನಿಂತಿತು. ಚಾಲಕ ಬಗ್ಗಿ ನೋಡಿದ.

"ಅಕ್ಕ, ಸ್ವಲ್ಪ ಸರೀರಿ."

"ಸರೀತೀನಪ್ಪ," ಎಂದಳು ಗುದ್ದಲಿಯಕ್ಕ. "ಬಾ, ಇಬ್ಬರು ಕೂರಬಹುದು."

ಅವನು ಎಂಜಿನ್ ಆರಿಸಿದ.